ಸಂಸ್ಕೃತಿಯ ಲಾಭ-ನಷ್ಟ: ಯುರೋಪು ಬರೆದ ಲೆಕ್ಕ

(ರಂಗಾಸಕ್ತರ ಸಭೆಯೊಂದರಲ್ಲಿ ಮಾಡಿದ ಭಾಷಣದ ಲೇಖನ ರೂಪ)



ಒಂದು ಗಜ್ಜರಿಯ ಕಥೆಯಿಂದ ಮಾತು ಆರಂಭಿಸುತ್ತೇನೆ. 2012ರ ಸೆಪ್ಟೆಂಬರಿನಲ್ಲಿ ಸ್ಪೇನ್ ಸರ್ಕಾರ ನಾಟಕ, ಸಿನಿಮಾ, ಸಂಗೀತ ಕಚೇರಿಗಳ ಟಿಕೆಟ್ಟಿನ ಮೇಲಿನ ಮೌಲ್ಯವರ್ಧಿತ ತೆರಿಗೆಯನ್ನು ಶೇ. 8ರಿಂದ ಒಮ್ಮೆಗೇ ಶೇ. 21ಕ್ಕೆ ಏರಿಸಿತು. ಕ್ಯಾಟಲೋನಿಯಾ ಪ್ರಾಂತ್ಯದ ಬೆಸ್ಕಾನೊ ಎಂಬ ಸಣ್ಣ ಊರಿನ ರಂಗಮಂದಿರದವರು ತಲೆಯ ಮೇಲೆ ಕೈ ಹೊತ್ತು ಕೂರಲಿಲ್ಲ. ಗಜ್ಜರಿ, ಅಂದರೆ ಕ್ಯಾರೆಟ್, ದಿನಬಳಕೆಯ ಆಹಾರ; ಅದರ ಮೇಲಿನ ತೆರಿಗೆ ಶೇ. 4 ಮಾತ್ರ. ಹಾಗಾಗಿ ಅವರು ಟಿಕೆಟ್ ಮಾರುವುದನ್ನು ಬಿಟ್ಟು ಬಾಗಿಲಲ್ಲಿ ಗಜ್ಜರಿ ಮಾರತೊಡಗಿದರು. ಒಂದಕ್ಕೆ 13 ಯೂರೋ. ಗಜ್ಜರಿ ಕೊಂಡವರಿಗೆ ನಾಟಕ ಉಚಿತ!

ಸುದ್ದಿ ಕೇಳಿ ಜಗತ್ತೆಲ್ಲ ನಕ್ಕಿತು. ಆದರೆ ಈ ನಗೆಯ ಹಿಂದೆ ಒಂದು ಕಹಿ ಸತ್ಯವಿದೆ. ಅದಕ್ಕೆ ಮುಂಚಿನ ಹದಿನೈದು ವರ್ಷ ಯುರೋಪಿನ ಸರ್ಕಾರಗಳು ಒಂದೇ ಮಾತನ್ನು ಹೇಳುತ್ತ ಬಂದಿದ್ದವು: ಕಲ್ಲಿದ್ದಲು ಹೋಯಿತು, ಉಕ್ಕು ಹೋಯಿತು, ಹಡಗುಕಟ್ಟೆಗಳು ಮುಚ್ಚಿದವು, ಇನ್ನು ನಮ್ಮನ್ನು ಸಾಕುವುದು ಸಂಸ್ಕೃತಿ, ಸೃಜನಶೀಲತೆಯೇ ನಾಳೆಯ ಕೈಗಾರಿಕೆ. ಹಾಗೆ ಹೇಳಿದ ಖಂಡದಲ್ಲೇ, ಬೊಕ್ಕಸ ಬರಿದಾದ ದಿನ ನಾಟಕ ಗಜ್ಜರಿಗಿಂತ ಕಡೆಯಾಯಿತು. ಕೊಟ್ಟ ಭರವಸೆಗೂ ನಡೆಸಿಕೊಂಡ ರೀತಿಗೂ ಇಷ್ಟು ಅಂತರ ಹೇಗೆ ಬಂತು ಎಂಬುದೇ ಇಂದಿನ ನನ್ನ ವಿಷಯ.

ಬೈಗುಳ ಬಿರುದಾದ ಬಗೆ

ಎರಡನೆಯ ಮಹಾಯುದ್ಧ ಮುಗಿದಾಗ ಯುರೋಪು ಬೂದಿಯಾಗಿತ್ತು. ಆಗ ಸರ್ಕಾರಗಳು ಕಲೆಗೆ ಹಣ ಕೊಡಲು ಮುಂದಾದದ್ದು ಲಾಭಕ್ಕಾಗಿ ಅಲ್ಲ. ಬ್ರಿಟನ್ನಿನಲ್ಲಿ 1946ರಲ್ಲಿ ಆರ್ಟ್ಸ್ ಕೌನ್ಸಿಲ್ ಸ್ಥಾಪನೆಯಾಯಿತು. ಅದರ ರೂವಾರಿ ಇಪ್ಪತ್ತನೆಯ ಶತಮಾನದ ಅತಿ ದೊಡ್ಡ ಅರ್ಥಶಾಸ್ತ್ರಜ್ಞರಲ್ಲಿ ಒಬ್ಬರಾದ ಜಾನ್ ಮೇನಾರ್ಡ್ ಕೇನ್ಸ್. ಹಣದ ಲೆಕ್ಕ ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೂ ಅವರು 1936ರಲ್ಲೇ ಬರೆದ ಲೇಖನವೊಂದರಲ್ಲಿ, ಸರ್ಕಾರ ಎಲ್ಲ ಖರ್ಚನ್ನೂ ಹಣದ ಲಾಭದಿಂದಲೇ ಸಮರ್ಥಿಸಬೇಕೆಂಬ ಧೋರಣೆಯನ್ನು ಕಟುವಾಗಿ ಟೀಕಿಸಿದ್ದರು. ಫ್ರಾನ್ಸಿನಲ್ಲಿ 1959ರಲ್ಲಿ ಸಂಸ್ಕೃತಿಗೇ ಒಂದು ಸಚಿವಾಲಯ ಹುಟ್ಟಿತು. ಕಾದಂಬರಿಕಾರ ಆಂಡ್ರೆ ಮಾಲ್ರೋ ಅದರ ಮೊದಲ ಸಚಿವರು. ಮನುಕುಲದ ಶ್ರೇಷ್ಠ ಕೃತಿಗಳು ಸಾಧ್ಯವಾದಷ್ಟು ಹೆಚ್ಚು ಜನರಿಗೆ ದಕ್ಕಬೇಕು ಎಂಬುದು ಅವರ ಗುರಿ. ಶಾಲೆ, ಆಸ್ಪತ್ರೆಗಳಂತೆ ರಂಗಮಂದಿರವೂ ನಾಗರಿಕನ ಹಕ್ಕು ಎಂಬ ಭಾವನೆ ಅದರಲ್ಲಿತ್ತು.

ಇನ್ನೊಂದು ಕಡೆ ನೋಡಿ. ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು ಅಮೆರಿಕ ಸೇರಿದ ಇಬ್ಬರು ಚಿಂತಕರು, ಅಡೋರ್ನೊ ಮತ್ತು ಹಾರ್ಕ್‌ಹೈಮರ್, 1940ರ ದಶಕದಲ್ಲಿ 'ಸಂಸ್ಕೃತಿ ಉದ್ಯಮ' ಎಂಬ ಪದವನ್ನು ಟಂಕಿಸಿದರು. ಅದು ಹೊಗಳಿಕೆಯಲ್ಲ, ಬೈಗುಳ. ಸಿನಿಮಾ, ರೇಡಿಯೋ, ಜನಪ್ರಿಯ ಸಂಗೀತವೆಲ್ಲ ಕಾರ್ಖಾನೆಯ ಸರಕಿನಂತೆ ಒಂದೇ ಅಚ್ಚಿನಲ್ಲಿ ತಯಾರಾಗಿ ಜನರ ವಿವೇಕವನ್ನು ಮಂಕುಗೊಳಿಸುತ್ತಿವೆ ಎಂಬುದು ಅವರ ಆರೋಪ. ನಲವತ್ತು ವರ್ಷಗಳಲ್ಲಿ ಈ ಬೈಗುಳವೇ ಬಿರುದಾಗಿಬಿಟ್ಟಿತು.

ಇದಕ್ಕೆ ಕಾರಣ 1980ರ ದಶಕದ ಸಂಕಷ್ಟ. ಬ್ರಿಟನ್ನಿನಲ್ಲಿ ಮಾರ್ಗರೆಟ್ ಥ್ಯಾಚರ್ ಸರ್ಕಾರ ಎಲ್ಲದಕ್ಕೂ ಲೆಕ್ಕ ಕೇಳತೊಡಗಿತು. ಕಲೆಯ ಪರವಾಗಿ ಮಾತನಾಡುವವರಿಗೆ ಖಜಾನೆಯವರ ಭಾಷೆಯಲ್ಲೇ ಉತ್ತರ ಕೊಡುವುದು ಅನಿವಾರ್ಯವಾಯಿತು. 1988ರಲ್ಲಿ ಜಾನ್ ಮಯರ್ಸ್‌ಕಫ್ ಎಂಬ ಸಂಶೋಧಕರು ಬ್ರಿಟನ್ನಿನ ಕಲೆಗಳ ಆರ್ಥಿಕ ಮಹತ್ವದ ಬಗ್ಗೆ ವರದಿಯೊಂದನ್ನು ಬರೆದರು. ನಾಟಕಕ್ಕೆ ಬಂದವನು ಊಟ ಮಾಡುತ್ತಾನೆ, ಬಸ್ಸು ಹತ್ತುತ್ತಾನೆ, ಹೋಟೆಲಿನಲ್ಲಿ ತಂಗುತ್ತಾನೆ. ಹೀಗೆ ಒಂದು ಪೌಂಡು ಹಲವು ಕೈ ದಾಟುತ್ತದೆ ಎಂಬ ವಾದ ಅಂದಿನಿಂದ ಮನೆಮಾತಾಯಿತು. ಫ್ರಾನ್ಸಿನ ಸಮಾಜವಾದಿ ಸಚಿವ ಜ್ಯಾಕ್ ಲಾಂಗ್ ಕೂಡ, 1982ರಲ್ಲಿ ಮೆಕ್ಸಿಕೋದ ಯುನೆಸ್ಕೋ ಸಮ್ಮೇಳನದಲ್ಲಿ, ಸಂಸ್ಕೃತಿ ಮತ್ತು ಆರ್ಥಿಕತೆಯ ಹೋರಾಟ ಒಂದೇ ಎಂಬರ್ಥದ ಮಾತನ್ನಾಡಿದ್ದರು. ಬಲಪಂಥ, ಎಡಪಂಥ ಎರಡೂ ಒಂದೇ ಮಾತಿಗೆ ಬಂದು ನಿಂತವು.

1997ರಲ್ಲಿ ಟೋನಿ ಬ್ಲೇರ್ ಅಧಿಕಾರಕ್ಕೆ ಬಂದಾಗ ಈ ಮಾತು ಸರ್ಕಾರಿ ನೀತಿಯಾಯಿತು. 1998ರಲ್ಲಿ ಸಂಸ್ಕೃತಿ ಸಚಿವ ಕ್ರಿಸ್ ಸ್ಮಿತ್ ಅವರ ಇಲಾಖೆ 'ಸೃಜನಶೀಲ ಉದ್ಯಮಗಳ' ಪಟ್ಟಿಯೊಂದನ್ನು ಹೊರತಂದಿತು. ಅದರಲ್ಲಿ ಹದಿಮೂರು ಬಾಬ್ತುಗಳು: ಜಾಹೀರಾತು, ವಾಸ್ತುಶಿಲ್ಪ, ಕಲಾಕೃತಿ ಮತ್ತು ಪುರಾತನ ವಸ್ತುಗಳ ವ್ಯಾಪಾರ, ಕರಕುಶಲ ಕಲೆ, ವಿನ್ಯಾಸ, ಫ್ಯಾಷನ್, ಸಿನಿಮಾ, ಕಂಪ್ಯೂಟರ್ ಆಟಗಳು, ಸಂಗೀತ, ಪ್ರದರ್ಶನ ಕಲೆಗಳು, ಪ್ರಕಾಶನ, ಸಾಫ್ಟ್‌ವೇರ್, ರೇಡಿಯೋ ಮತ್ತು ಟೆಲಿವಿಷನ್. ವ್ಯಕ್ತಿಯ ಪ್ರತಿಭೆಯಿಂದ ಹುಟ್ಟಿ, ಬೌದ್ಧಿಕ ಸ್ವತ್ತಿನ ಮೂಲಕ ಸಂಪತ್ತು ಮತ್ತು ಉದ್ಯೋಗ ಸೃಷ್ಟಿಸಬಲ್ಲದ್ದೆಲ್ಲ ಇದರೊಳಗೆ ಬಂತು.

ಪಟ್ಟಿಯಲ್ಲಿ ಸಾಫ್ಟ್‌ವೇರ್ ಏಕೆ ಸೇರಿತು ಎಂದು ನೀವು ಕೇಳಬಹುದು. ವಿಮರ್ಶಕರೂ ಅದನ್ನೇ ಕೇಳಿದರು. ಬ್ಯಾಂಕಿನ ಲೆಕ್ಕಪತ್ರಕ್ಕೆ ಪ್ರೋಗ್ರಾಂ ಬರೆಯುವುದೂ ನಾಟಕ ಬರೆಯುವುದೂ ಒಂದೇ ಸಾಲಿನಲ್ಲಿ ಕುಳಿತಾಗ ಒಟ್ಟು ಮೊತ್ತ ಭಾರಿಯಾಗಿ ಕಾಣುತ್ತದೆ. 2001ರ ಎರಡನೆಯ ಆವೃತ್ತಿಯ ಪ್ರಕಾರ ಈ ಉದ್ಯಮಗಳ ಆದಾಯ 11,250 ಕೋಟಿ ಪೌಂಡು, ಉದ್ಯೋಗ 13 ಲಕ್ಷ ಜನರಿಗೆ, ಪಾಲು ರಾಷ್ಟ್ರೀಯ ಉತ್ಪನ್ನದ ಶೇ. 5ಕ್ಕೂ ಹೆಚ್ಚು. ಅಂಕಿ ಸುಳ್ಳಲ್ಲ. ಆದರೆ ಆ ಅಂಕಿಯ ಬಲ ಬಂದದ್ದು ಸಾಫ್ಟ್‌ವೇರ್, ಜಾಹೀರಾತುಗಳಂಥ ದೊಡ್ಡ ವ್ಯವಹಾರಗಳಿಂದ; ಅದನ್ನು ಹಿಡಿದುಕೊಂಡು ವಾದಿಸಿದವರು ನಾಟಕದವರು, ನೃತ್ಯದವರು. ಸಾಲದ ಒಡವೆ ತೊಟ್ಟು ಮದುವೆಗೆ ಹೋದ ಹಾಗೆ. ಒಡವೆ ಮೈಮೇಲಿದ್ದಷ್ಟು ಹೊತ್ತು ಮರ್ಯಾದೆ, ಆಮೇಲೆ?

ಎರಡು ಊರುಗಳ ಪಾಠ

ಈ ಭರವಸೆ ನೆಲದ ಮೇಲೆ ಏನಾಯಿತು ಎಂಬುದಕ್ಕೆ ಎರಡು ಊರುಗಳನ್ನು ನೋಡೋಣ. ಮೊದಲನೆಯದು ಇಂಗ್ಲೆಂಡಿನ ಶೆಫೀಲ್ಡ್. ಚಾಕು, ಚೂರಿ, ಉಕ್ಕಿಗೆ ಹೆಸರಾಂತ ಊರು. 1980ರ ದಶಕದಲ್ಲಿ ಉಕ್ಕಿನ ಕಾರ್ಖಾನೆಗಳಲ್ಲಿ ಸಾವಿರಾರು ಜನ ಕೆಲಸ ಕಳೆದುಕೊಂಡರು. ಅಲ್ಲಿನ ನಗರಸಭೆ ಆಗ ಒಂದು ವಿವೇಕದ ಕೆಲಸ ಮಾಡಿತು. ಖಾಲಿ ಬಿದ್ದಿದ್ದ ಕಾರ್ಯಾಗಾರಗಳ ಪ್ರದೇಶವನ್ನು ಸಾಂಸ್ಕೃತಿಕ ಉದ್ಯಮಗಳ ಬಡಾವಣೆ ಎಂದು ಗುರುತಿಸಿ, 1986ರಲ್ಲಿ 'ರೆಡ್ ಟೇಪ್' ಎಂಬ ಧ್ವನಿಮುದ್ರಣ ಸ್ಟುಡಿಯೋವನ್ನು ತಾನೇ ತೆರೆಯಿತು. ದುಬಾರಿ ಯಂತ್ರ ಕೊಳ್ಳಲಾರದ ಹುಡುಗರಿಗೆ ಅಲ್ಲಿ ಕಲಿಯಲು ಜಾಗ ಸಿಕ್ಕಿತು.

ಆಮೇಲೆ ದೊಡ್ಡ ಆಸೆ ಹುಟ್ಟಿತು. ಒಂದೂವರೆ ಕೋಟಿ ಪೌಂಡು ವೆಚ್ಚದಲ್ಲಿ ಜನಪ್ರಿಯ ಸಂಗೀತದ ರಾಷ್ಟ್ರೀಯ ಕೇಂದ್ರವೊಂದನ್ನು ಕಟ್ಟಿದರು. ನಾಲ್ಕು ದೊಡ್ಡ ಉಕ್ಕಿನ ಡೋಲುಗಳಂತೆ ಕಾಣುವ ಕಟ್ಟಡ. ವರ್ಷಕ್ಕೆ ನಾಲ್ಕು ಲಕ್ಷ ಜನ ಬರುತ್ತಾರೆ ಎಂದು ಅಂದಾಜು ಹಾಕಿದ್ದರು. 1999ರ ಮಾರ್ಚಿನಲ್ಲಿ ಬಾಗಿಲು ತೆರೆಯಿತು. ಬಂದ ಜನ ಅಂದಾಜಿನ ಹತ್ತಿರಕ್ಕೂ ಮುಟ್ಟಲಿಲ್ಲ. 2000ದ ಜೂನ್‌ನಲ್ಲಿ ಬಾಗಿಲು ಮುಚ್ಚಿತು. ಆ ಕಟ್ಟಡ ಕೊನೆಗೆ ವಿಶ್ವವಿದ್ಯಾಲಯವೊಂದರ ವಿದ್ಯಾರ್ಥಿ ಸಂಘದ ಪಾಲಾಯಿತು.

ಆದರೆ ಶೆಫೀಲ್ಡ್‌ನ ಸಂಗೀತ ಸಾಯಲಿಲ್ಲ. ಕೇಂದ್ರ ಮುಚ್ಚಿದ ಕೆಲವೇ ವರ್ಷಗಳಲ್ಲಿ ಅದೇ ಊರಿನ ನಾಲ್ವರು ಹುಡುಗರು 'ಆರ್ಕ್ಟಿಕ್ ಮಂಕೀಸ್' ಎಂಬ ಹೆಸರಿನಲ್ಲಿ ಊರಿನ ಸಣ್ಣ ಪಬ್ಬುಗಳಲ್ಲಿ ಹಾಡತೊಡಗಿದರು. 2006ರ ಜನವರಿಯಲ್ಲಿ ಹೊರಬಂದ ಅವರ ಮೊದಲ ಆಲ್ಬಮ್ ಬ್ರಿಟನ್ನಿನಲ್ಲಿ ಅಲ್ಲಿಯವರೆಗಿನ ಚೊಚ್ಚಲ ಆಲ್ಬಮ್‌ಗಳ ಮಾರಾಟದ ವೇಗದ ದಾಖಲೆಯನ್ನೆಲ್ಲ ಮುರಿಯಿತು. ಯಾವ ವರದಿಯೂ ಅವರನ್ನು ಅಂದಾಜು ಮಾಡಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಮ್ಯೂಸಿಯಂ ಅಲ್ಲ. ಅಭ್ಯಾಸಕ್ಕೊಂದು ಕೋಣೆ, ಹಾಡಲೊಂದು ಸಣ್ಣ ವೇದಿಕೆ, ಕೇಳುವ ನಾಲ್ಕು ಜನ.

ಎರಡನೆಯ ಊರು ಸ್ಪೇನಿನ ಬಾಸ್ಕ್ ಪ್ರಾಂತ್ಯದ ಬಿಲ್ಬಾವೊ. ಇದು ಗೆದ್ದ ಊರು. ಇದರ ಹೆಸರಿನಲ್ಲೇ 'ಬಿಲ್ಬಾವೊ ಪರಿಣಾಮ' ಎಂಬ ಮಾತು ಹುಟ್ಟಿದೆ. ಹಡಗು ಕಟ್ಟುವ, ಕಬ್ಬಿಣ ಕರಗಿಸುವ ಊರು ಅದು. 1983ರ ಆಗಸ್ಟಿನಲ್ಲಿ ನೆರ್ವಿಯನ್ ನದಿಗೆ ಭೀಕರ ನೆರೆ ಬಂತು. ಅದೇ ದಶಕದಲ್ಲಿ ಹೆಸರಾಂತ ಹಡಗುಕಟ್ಟೆ ಮುಚ್ಚಿತು. ಹೀಗೆ ನೆಲಕಚ್ಚಿದ ಊರಿನಲ್ಲಿ ಬಾಸ್ಕ್ ಸರ್ಕಾರ ನ್ಯೂಯಾರ್ಕಿನ ಗುಗೆನ್‌ಹೈಮ್ ಪ್ರತಿಷ್ಠಾನದ ಜತೆ ಒಪ್ಪಂದ ಮಾಡಿಕೊಂಡಿತು. ಹೆಸರು ಮತ್ತು ನೆರವಿಗಾಗಿ ಪ್ರತಿಷ್ಠಾನಕ್ಕೆ ಎರಡು ಕೋಟಿ ಡಾಲರ್ ಶುಲ್ಕ. ಕಟ್ಟಡಕ್ಕೆ ಸುಮಾರು ಹತ್ತು ಕೋಟಿ ಡಾಲರ್. ಕೆಲಸವಿಲ್ಲದವರಿಗೆ ಅನ್ನ ಕೊಡುವ ಬದಲು ಅಮೆರಿಕದವರಿಗೆ ಹಣ ಸುರಿಯುತ್ತಿದ್ದಾರೆ ಎಂದು ಆಗ ಕೂಗೆದ್ದದ್ದು ಸಹಜವೇ.

1997ರ ಅಕ್ಟೋಬರಿನಲ್ಲಿ ಫ್ರಾಂಕ್ ಗೆರಿ ವಿನ್ಯಾಸ ಮಾಡಿದ, ಟೈಟೇನಿಯಂ ತಗಡು ಹೊದ್ದ ಆ ಕಟ್ಟಡ ನದಿಯ ದಂಡೆಯಲ್ಲಿ ತೆರೆದುಕೊಂಡಿತು. ಮೊದಲ ವರ್ಷವೇ ಸುಮಾರು 13 ಲಕ್ಷ ಜನ ಬಂದರು. ಟೀಕಿಸಿದವರು ಬಾಯಿ ಮುಚ್ಚಿಕೊಂಡರು. ಇದನ್ನು ಕಂಡು ನಮಗೂ ಒಂದು ಮ್ಯೂಸಿಯಂ ಇರಲಿ ಎಂದು ಊರೂರುಗಳು ಹೊರಟವು. ಸ್ಪೇನಿನದೇ ಸಾಂತಿಯಾಗೊದಲ್ಲಿ ಬೆಟ್ಟದ ಮೇಲೊಂದು 'ಸಂಸ್ಕೃತಿ ನಗರ' ಕಟ್ಟಲು ಹೊರಟು, ಖರ್ಚು ಮೊದಲ ಅಂದಾಜಿನ ದುಪ್ಪಟ್ಟನ್ನೂ ದಾಟಿ, 2013ರಲ್ಲಿ ಅರ್ಧಕ್ಕೇ ಕೆಲಸ ನಿಲ್ಲಿಸಬೇಕಾಯಿತು.

ಬಿಲ್ಬಾವೊದಲ್ಲಿ ಆದದ್ದು ಅಲ್ಲೇಕೆ ಆಗಲಿಲ್ಲ? ನೋಡಲು ಬಂದವರಿಗೆ ಕಣ್ಣಿಗೆ ಬಿದ್ದದ್ದು ಹೊಳೆಯುವ ಕಟ್ಟಡ ಮಾತ್ರ. ಕಟ್ಟಡದ ಪಕ್ಕದಲ್ಲಿ ಹರಿಯುತ್ತಿದ್ದ ನದಿಯನ್ನು ಅವರು ನೋಡಲಿಲ್ಲ. ಕಾರ್ಖಾನೆಗಳ ಕೊಳೆಯಿಂದ ಸತ್ತೇಹೋಗಿದ್ದ ಆ ನದಿಯನ್ನು ಶುದ್ಧಗೊಳಿಸುವ ಕೆಲಸ 1980ರ ದಶಕದಿಂದಲೇ ನಡೆದಿತ್ತು. ಮ್ಯೂಸಿಯಂಗೆ ಎರಡು ವರ್ಷ ಮೊದಲೇ, 1995ರಲ್ಲಿ, ಮೆಟ್ರೋ ರೈಲು ಓಡತೊಡಗಿತ್ತು. ಬಂದರು ನದೀಮುಖದ ಕಡೆಗೆ ಸರಿದು ಊರೊಳಗಿನ ದಂಡೆ ಜನರಿಗೆ ಬಿಟ್ಟುಕೊಟ್ಟಿತ್ತು. ಈ ಕೆಲಸಗಳಿಗಾಗಿ ಎಲ್ಲ ಹಂತದ ಸರ್ಕಾರಗಳೂ ಸೇರಿ 1992ರಲ್ಲೇ ಒಂದು ಜಂಟಿ ಸಂಸ್ಥೆ ಕಟ್ಟಿದ್ದವು. ಅಂದರೆ ಮ್ಯೂಸಿಯಂ ಕಳಶ. ಕೆಳಗೊಂದು ಗುಡಿ ಇತ್ತು. ಉಳಿದ ಊರಿನವರು ಕಳಶವನ್ನಷ್ಟೇ ಕೊಂಡು ತಂದರು.

ಲಾಭ ಯಾರ ಕೈಗೆ?

ಇಲ್ಲಿಯವರೆಗೆ ಊರಿನ ಮಾತಾಯಿತು. ಇನ್ನು ಕಲೆಯಲ್ಲಿ ದುಡಿಯುವ ಮನುಷ್ಯನ ಮಾತು.

2006ರಲ್ಲಿ ಯುರೋಪಿಯನ್ ಆಯೋಗಕ್ಕಾಗಿ ಸಿದ್ಧವಾದ ವರದಿಯೊಂದು, ಸಂಸ್ಕೃತಿ ಮತ್ತು ಸೃಜನಶೀಲ ಕ್ಷೇತ್ರ 2003ರಲ್ಲಿ ಯುರೋಪಿನ ಒಟ್ಟು ಉತ್ಪನ್ನಕ್ಕೆ ಶೇ. 2.6ರಷ್ಟು ಕೊಡುಗೆ ನೀಡಿತು, 2004ರಲ್ಲಿ 58 ಲಕ್ಷ ಜನ ಅದರಲ್ಲಿ ದುಡಿಯುತ್ತಿದ್ದರು ಎಂದು ಹೇಳಿತು. 2014ರ ಆರಂಭದಲ್ಲಿ ಪ್ರಕಟವಾದ ಫ್ರಾನ್ಸ್ ಸರ್ಕಾರದ ವರದಿಯಂತೂ, ಸಂಸ್ಕೃತಿಯ ಕೊಡುಗೆ ದೇಶದ ಮೋಟಾರು ಉದ್ಯಮದ ಏಳು ಪಟ್ಟು ಎಂದು ಸಾರಿತು. ಕೇಳಲು ಹೆಮ್ಮೆ ಎನಿಸುತ್ತದೆ. ಆದರೆ ಮೋಟಾರು ಕಾರ್ಖಾನೆಯ ಕಾರ್ಮಿಕನಿಗೆ ತಿಂಗಳ ಸಂಬಳವಿದೆ, ರಜೆಯಿದೆ, ಪಿಂಚಣಿಯಿದೆ. ನಟನಿಗೆ, ವಾದ್ಯಗಾರನಿಗೆ, ದೀಪ ಜೋಡಿಸುವವನಿಗೆ?

ಇದನ್ನು ಮೊದಲು ಅರ್ಥಮಾಡಿಕೊಂಡ ದೇಶ ಫ್ರಾನ್ಸ್. ಅಲ್ಲಿ ರಂಗ ಮತ್ತು ಚಿತ್ರರಂಗದ ಕಲಾವಿದರಿಗೆ, ತಂತ್ರಜ್ಞರಿಗೆ ಪ್ರತ್ಯೇಕ ನಿರುದ್ಯೋಗ ವಿಮೆ ಇದೆ. ಬೇರು 1936ರಷ್ಟು ಹಿಂದಿನದು. ನಿಗದಿತ ಅವಧಿಯಲ್ಲಿ 507 ಗಂಟೆ ಕೆಲಸ ಮಾಡಿದವರಿಗೆ, ಕೆಲಸವಿಲ್ಲದ ದಿನಗಳಲ್ಲಿ ಭತ್ಯೆ ಸಿಗುತ್ತದೆ. ಪಾತ್ರ ಕಲಿಯುವ ದಿನ, ಅಭ್ಯಾಸದ ದಿನ, ಮುಂದಿನ ಕರೆಗೆ ಕಾಯುವ ದಿನ ಎಲ್ಲವೂ ಕಲಾವಿದನ ದುಡಿಮೆಯೇ ಎಂಬ ತಿಳಿವಳಿಕೆ ಇದರ ಹಿಂದಿದೆ. 2003ರಲ್ಲಿ ಈ ಅವಧಿಯನ್ನು ಹನ್ನೆರಡು ತಿಂಗಳಿನಿಂದ ಸುಮಾರು ಹತ್ತು ತಿಂಗಳಿಗೆ ಇಳಿಸಿ ನಿಯಮ ಬಿಗಿ ಮಾಡಿದಾಗ ಕಲಾವಿದರು ಮುಷ್ಕರ ಹೂಡಿದರು. 1947ರಿಂದ ನಡೆದುಬಂದಿದ್ದ ಆವಿನ್ಯೋನ್ ನಾಟಕೋತ್ಸವ ಆ ವರ್ಷ ರದ್ದಾಯಿತು. ಊರಿನ ಹೋಟೆಲುಗಳು, ಅಂಗಡಿಗಳು ಬಿಕೋ ಎಂದವು. ನಾಟಕದವರು ಊರನ್ನು ಸಾಕುತ್ತಾರೋ ಊರು ನಾಟಕದವರನ್ನು ಸಾಕುತ್ತದೋ ಎಂಬ ಪ್ರಶ್ನೆಗೆ ಅಂದು ಉತ್ತರ ಸಿಕ್ಕಿತು. 2016ರಲ್ಲಿ ಹನ್ನೆರಡು ತಿಂಗಳ ಲೆಕ್ಕವೇ ಮರಳಿ ಬಂತು.

ಬಿಲ್ಬಾವೊಗೂ ಒಂದು ಎರಡನೆಯ ಅಧ್ಯಾಯವಿದೆ. 2021ರ ಜೂನ್‌ನಲ್ಲಿ ಗುಗೆನ್‌ಹೈಮ್ ಮ್ಯೂಸಿಯಂನ ನೆಲ ಒರೆಸುವ ಗುತ್ತಿಗೆ ಕೆಲಸಗಾರರು, ಬಹುತೇಕ ಹೆಂಗಸರು, ಮುಷ್ಕರ ಆರಂಭಿಸಿದರು. ಒಂಬತ್ತು ತಿಂಗಳು ಕಟ್ಟಡದ ಮುಂದೆ ನಿಂತರು. 2022ರ ಮಾರ್ಚಿನಲ್ಲಿ ಶೇ. 20ರಷ್ಟು ಕೂಲಿ ಹೆಚ್ಚಳ ಪಡೆದು ಒಳಗೆ ಹೋದರು. ಊರನ್ನೇ ಎತ್ತಿ ನಿಲ್ಲಿಸಿತು ಎಂದು ಜಗತ್ತು ಕೊಂಡಾಡುವ ಕಟ್ಟಡದೊಳಗೆ, ಅದನ್ನು ದಿನಾ ಫಳಫಳ ಇಡುವವರಿಗೆ ನ್ಯಾಯವಾದ ಕೂಲಿ ದಕ್ಕಲು ಇಪ್ಪತ್ತನಾಲ್ಕು ವರ್ಷ ಬೇಕಾಯಿತು.

ಕಲಾವಿದರು ಕಾಲಿಟ್ಟ ಬಡಾವಣೆಯ ಬಾಡಿಗೆ ಏರಿ, ಕೊನೆಗೆ ಕಲಾವಿದರೇ ಅಲ್ಲಿಂದ ಹೊರಬೀಳುವುದು ಇನ್ನೊಂದು ವಿಪರ್ಯಾಸ. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ 2009ರಲ್ಲಿ ಕಲಾವಿದರು ಇದನ್ನು ಒಪ್ಪಲಿಲ್ಲ. ನಮ್ಮ ಹೆಸರು ಹೇಳಿ ಊರನ್ನು ಮಾರಬೇಡಿ ಎಂದು ಪ್ರಣಾಳಿಕೆ ಹೊರಡಿಸಿದರು. ಕೆಡವಲು ಹೊರಟಿದ್ದ ಗ್ಯಾಂಗೆಫಿಯರ್ಟೆಲ್ ಎಂಬ ಹಳೆಯ ಕೇರಿಯ ಮನೆಗಳಿಗೆ ನುಗ್ಗಿ ಕೂತರು. ಹೂಡಿಕೆದಾರರಿಗೆ ಮಾರಿಬಿಟ್ಟಿದ್ದ ಆ ಕೇರಿಯನ್ನು ನಗರಾಡಳಿತ ಅದೇ ವರ್ಷ ಮರಳಿ ಕೊಂಡಿತು.

ಇನ್ನು, ಇಷ್ಟೆಲ್ಲ ಲಾಭದ ವಾದ ಮಾಡಿದ್ದರಿಂದ ಕಲೆಗೆ ರಕ್ಷಣೆಯಾದರೂ ಸಿಕ್ಕಿತೇ? 2011ರಲ್ಲಿ ನೆದರ್‌ಲೆಂಡ್ಸ್ ಸರ್ಕಾರ ಸಂಸ್ಕೃತಿಯ ಅನುದಾನದಲ್ಲಿ 20 ಕೋಟಿ ಯೂರೋ ಕಡಿತ ಘೋಷಿಸಿತು. ಕಲಾವಿದರ ಊರೆಂದೇ ತನ್ನನ್ನು ಜಗತ್ತಿಗೆ ತೋರಿಸಿಕೊಂಡ ಬರ್ಲಿನ್, 2025ರ ಮುಂಗಡಪತ್ರದಲ್ಲಿ ಸುಮಾರು 13 ಕೋಟಿ ಯೂರೋ ಕತ್ತರಿಸಿತು. 2020ರ ಕೋವಿಡ್ ವರ್ಷದಲ್ಲಿ ಯುರೋಪಿನ ಪ್ರದರ್ಶನ ಕಲೆಗಳ ಆದಾಯ ಶೇ. 90ರಷ್ಟು ಕುಸಿಯಿತು. ಲಾಭ ತರುತ್ತೇನೆ ಎಂದು ಒಳಬಂದವನನ್ನು, ಲಾಭ ಕಾಣದ ದಿನ ಹೊರಹಾಕುವುದು ವ್ಯಾಪಾರದ ನಿಯಮ. ಅಲ್ಲಿ ದೂರಲು ಅವಕಾಶವಿಲ್ಲ.

ಅಮೆರಿಕದ ಅರ್ಥಶಾಸ್ತ್ರಜ್ಞರಾದ ಬೌಮೊಲ್ ಮತ್ತು ಬೋವೆನ್ 1966ರಲ್ಲೇ ಇದರ ಮರ್ಮ ಹೇಳಿದ್ದರು. ಯಂತ್ರ ಬಂದು ಬಟ್ಟೆ ನೇಯುವ ಸಮಯ ಇಳಿಯಿತು. ಆದರೆ ನಾಲ್ವರು ನುಡಿಸಬೇಕಾದ ಸಂಗೀತ ರಚನೆಗೆ ಇನ್ನೂರು ವರ್ಷದ ಹಿಂದೆಯೂ ನಾಲ್ವರೇ ಬೇಕಿತ್ತು, ಅಷ್ಟೇ ಹೊತ್ತು ಬೇಕಿತ್ತು, ಇಂದಿಗೂ ಅಷ್ಟೇ. ಉಳಿದ ಕಡೆ ಕೂಲಿ ಏರಿದಂತೆ ಇಲ್ಲಿ ಖರ್ಚು ಏರುತ್ತದೆ, ಉತ್ಪಾದನೆ ಏರುವುದಿಲ್ಲ. ಇದು ಕಲೆಯ ದೋಷವಲ್ಲ, ಸ್ವಭಾವ. ಸ್ವಭಾವವನ್ನು ಮರೆಮಾಚಿ ಲಾಭದ ಆಣೆ ಮಾಡಿದರೆ ಆಣೆ ಮುರಿಯಲೇಬೇಕು.

ಹಾಗಾದರೆ ಆರ್ಥಿಕತೆಯ ಮಾತನ್ನೇ ಆಡಬಾರದೇ? ಹಾಗಲ್ಲ. ಜ್ಯಾಕ್ ಲಾಂಗ್ 1981ರಲ್ಲಿ ತಂದ ಪುಸ್ತಕದ ಬೆಲೆಯ ಕಾನೂನನ್ನು ನೋಡಿ. ಪ್ರಕಾಶಕ ನಿಗದಿ ಮಾಡಿದ ಬೆಲೆಗೆ ಶೇ. 5ಕ್ಕಿಂತ ಹೆಚ್ಚು ರಿಯಾಯಿತಿ ಯಾರೂ ಕೊಡುವಂತಿಲ್ಲ. ದೊಡ್ಡ ಮಳಿಗೆ ಜನಪ್ರಿಯ ಪುಸ್ತಕವನ್ನು ಅರ್ಧ ಬೆಲೆಗೆ ಮಾರಿ ಪಕ್ಕದ ಸಣ್ಣ ಅಂಗಡಿಯನ್ನು ಮುಚ್ಚಿಸುವುದು ಇದರಿಂದ ಸಾಧ್ಯವಿಲ್ಲ. ಸಣ್ಣ ಅಂಗಡಿ ಉಳಿದರೆ ನಿಧಾನವಾಗಿ ಮಾರಾಟವಾಗುವ ಕವಿತೆಯೂ ಕಪಾಟಿನಲ್ಲಿ ಉಳಿಯುತ್ತದೆ. ಬ್ರಿಟನ್ನಿನಲ್ಲಿ ಇಂಥದ್ದೇ ಹಳೆಯ ಒಪ್ಪಂದ 1990ರ ದಶಕದಲ್ಲಿ ಮುರಿದುಬಿತ್ತು. ಫ್ರಾನ್ಸಿನ ಕಾನೂನು ಇಂದಿಗೂ ಇದೆ. ಐರ್ಲೆಂಡ್ 2022ರಲ್ಲಿ ಲಾಟರಿ ಎತ್ತಿ ಆರಿಸಿದ 2,000 ಕಲಾವಿದರಿಗೆ ವಾರಕ್ಕೆ 325 ಯೂರೋ ಮೂಲ ಆದಾಯ ಕೊಡುವ ಪ್ರಯೋಗ ಆರಂಭಿಸಿತು. ಏನು ಬರೆಯುತ್ತೀರಿ, ಎಷ್ಟು ಮಾರುತ್ತೀರಿ ಎಂದು ಕೇಳಲಿಲ್ಲ. ಇವೆರಡೂ ಹಣದ ವಿಷಯವೇ. ಆದರೆ ಇಲ್ಲಿ ಹಣ ಕಲೆಯ ಆಳು, ದೊರೆಯಲ್ಲ.

ಯುರೋಪಿನ ಊರಿನವರ ಜಮಾಖರ್ಚು ನಮಗೇಕೆ ಎಂದು ನೀವು ಕೇಳಬಹುದು. 2005ರ ಅಕ್ಟೋಬರಿನಲ್ಲಿ ಯುನೆಸ್ಕೋದಲ್ಲಿ ಒಂದು ಒಡಂಬಡಿಕೆಗೆ ಒಪ್ಪಿಗೆ ದೊರೆಯಿತು: ಸಾಂಸ್ಕೃತಿಕ ಸರಕಿಗೆ ಬೆಲೆಯೂ ಇದೆ, ಅರ್ಥವೂ ಇದೆ, ಅದನ್ನು ಕೇವಲ ವ್ಯಾಪಾರದ ವಸ್ತುವಾಗಿ ನೋಡಬಾರದು. ಪರ 148 ಮತ, ವಿರೋಧ ಎರಡೇ. ಭಾರತ 2006ರಲ್ಲಿ ಅದನ್ನು ಅನುಮೋದಿಸಿದೆ. ಈಗ ನಮ್ಮಲ್ಲೂ ಹಳೆಯ ಯುರೋಪಿನ ಆ ಮಾತು ಹೊಸದಾಗಿ ಕೇಳುತ್ತಿದೆ. 2025ರ ಮೇ ತಿಂಗಳಲ್ಲಿ ಮುಂಬಯಿಯಲ್ಲಿ ನಡೆದ ಜಾಗತಿಕ ಸಮ್ಮೇಳನದಲ್ಲಿ 'ಕಿತ್ತಳೆ ಆರ್ಥಿಕತೆ'ಯ ಉದಯವಾಯಿತು ಎಂದು ಸಾರಲಾಯಿತು. ಆನಿಮೇಷನ್, ಕಂಪ್ಯೂಟರ್ ಆಟಗಳಿಗೆ ಕರ್ನಾಟಕ ಸರ್ಕಾರದ ಪ್ರತ್ಯೇಕ ನೀತಿಯೇ ಇದೆ. ಬರಲಿ, ನಮ್ಮ ಹುಡುಗರಿಗೆ ಕೆಲಸ ಸಿಗಲಿ. ಅದಕ್ಕೆ ನನ್ನ ತಕರಾರಿಲ್ಲ.

ನನ್ನ ವಿನಂತಿ ಇಷ್ಟೇ. ಮುಂದೆ ಯಾರಾದರೂ ಕಲೆಯಿಂದ ಇಷ್ಟು ಕೋಟಿ ಬರುತ್ತದೆ ಎಂದು ನಿಮ್ಮ ಮುಂದೆ ಅಂಕಿ ಹರಡಿದರೆ ಎರಡು ಪ್ರಶ್ನೆ ಕೇಳಿ. ಈ ಮೊತ್ತದೊಳಗೆ ನಾಟಕದವರ ಪಾಲೆಷ್ಟು, ಸಾಫ್ಟ್‌ವೇರಿನ ಪಾಲೆಷ್ಟು? ಆ ನಾಟಕದವರ ಪಾಲಿನಲ್ಲಿ ಬಣ್ಣ ಹಚ್ಚಿದವರ, ಪರದೆ ಎಳೆದವರ, ಆಟ ಮುಗಿದ ಮೇಲೆ ನೆಲ ಗುಡಿಸಿದವರ ಮನೆಗೆ ಹೋದದ್ದೆಷ್ಟು? ಇವಕ್ಕೆ ಉತ್ತರ ಸಿಕ್ಕ ಮೇಲೆ, ಲಾಭ ಬಾರದ ವರ್ಷವೂ ನಾಟಕ ನಡೆಯಬೇಕೇ ಎಂಬ ಪ್ರಶ್ನೆಯನ್ನು ನಮಗೆ ನಾವೇ ಕೇಳಿಕೊಳ್ಳಬೇಕು. ಬೆಸ್ಕಾನೊದ ಜನ ನಡೆಯಬೇಕು ಎಂದರು. ಹದಿಮೂರು ಯೂರೋ ಕೊಟ್ಟು ಗಜ್ಜರಿ ಕೊಂಡರು. ಅವರು ಬಂದದ್ದು ಗಜ್ಜರಿ ತಿನ್ನಲಿಕ್ಕಲ್ಲ.